ಫೀ ಜಾಸ್ತಿ ಇರೋ ಮ್ಯೂಚುವಲ್ ಫಂಡ್‌ನ ಮ್ಯಾನೇಜರ್ ಜಾಸ್ತಿ ಜಾಣರಾ?

ಇಲ್ಲ. ಒಂದರ ಫೀ 1.8%, ಇನ್ನೊಂದರದ್ದು 0.7%, ಹಾಗಾದ್ರೆ ದುಬಾರಿಯದ್ದೇ ಒಳ್ಳೇದಲ್ವಾ ಅಂತ ಕೇಳಿದ್ದೀರಿ. ಹಾಗೇ ಯೋಚಿಸಿ ದುಬಾರಿಯದ್ದರಲ್ಲಿ ದುಡ್ಡು ಹಾಕಿದವನು ನಾನು.

ಮಂಡ್ಯದ ಹತ್ತಿರ ನಮ್ಮದು ಕಬ್ಬಿನ ಬೇಸಾಯ. ಕಾರ್ಖಾನೆಯಿಂದ ಬಾಕಿ ಬಂದ ವರ್ಷ ಅಪ್ಪ ಒಂದಷ್ಟು ದುಡ್ಡು ಕೊಟ್ಟು, ಎಲ್ಲಾದ್ರೂ ಬೆಳೆಯೋ ಕಡೆ ಹಾಕು ಅಂದರು. ಪರಿಚಯದ ಏಜೆಂಟ್ ಒಬ್ಬರು ಮನೆಗೇ ಬಂದು ಫಾರಂ ತುಂಬಿಸಿದರು. "ನಿಮ್ಮತ್ರ ಒಂದ್ ರೂಪಾಯ್ನೂ ಈಸ್ಕಳಕಿಲ್ಲ ಕಣಣ್ಣ" ಅಂದರು. ಅದು ಸುಳ್ಳಲ್ಲ, ನನ್ನ ಕೈಯಿಂದ ಏನೂ ತಗೊಳ್ಳಲಿಲ್ಲ.

ನಾನು ಎಡವಿದ್ದು ಎಲ್ಲಿ ಅಂದರೆ, ಪ್ರತಿ ಸಲ ಸ್ಟೇಟ್‌ಮೆಂಟ್ ಬಂದಾಗ ಫೀ ಎಲ್ಲಿ ಕಳೆದಿದ್ದಾರೆ ಅಂತ ಹುಡುಕುತ್ತಿದ್ದೆ. ಬೆಲ್ಲದ ಮಂಡಿಯಲ್ಲಿ ಹಮಾಲಿ ಕಳೆದರೂ ಚೀಟಿಯಲ್ಲಿ ಬರೆದಿರ್ತಾರೆ. ಇಲ್ಲಿ ಹಾಗೆ ಎಲ್ಲೂ ಬರೆದಿರಲಿಲ್ಲ. ಬರೆದಿಲ್ಲ ಅಂದಮೇಲೆ ಖರ್ಚೂ ಇಲ್ಲ ಅಂದುಕೊಂಡೆ. ಆದರೆ ಫೀ ದಿನಾ ಕಳೆಯುತ್ತದೆ. ವರ್ಷದ ಶೇಕಡಾವಾರನ್ನು ದಿನಕ್ಕೆ ಹಂಚಿ, ಫಂಡ್‌ನ ಒಟ್ಟು ಹಣದಿಂದ ತೆಗೆದು, ಉಳಿದಿದ್ದರ ಮೇಲೆ ಎನ್‌ಎವಿ, ಅಂದರೆ ಫಂಡ್‌ನ ಒಂದು ಪಾಲಿನ ಬೆಲೆ, ಪ್ರಕಟಿಸುತ್ತಾರೆ. ನಮ್ಮ ಕಣ್ಣಿಗೆ ಬೀಳೋದು ಕಳೆದಾದ ಮೇಲಿನ ಲೆಕ್ಕ ಮಾತ್ರ. 10 ಲಕ್ಷಕ್ಕೆ 1.8% ಅಂದರೆ ವರ್ಷಕ್ಕೆ 18,000, ದಿನಕ್ಕೆ ಸುಮಾರು 49 ರೂಪಾಯಿ. ಮಾರ್ಕೆಟ್ ಬಿದ್ದ ದಿನವೂ ಅದು ಹೋಗುತ್ತದೆ. ಲಾಭ ಬಂದರೆ ಮಾತ್ರ ಫೀ ಅಂತ ನಾನು ವರ್ಷಗಟ್ಟಲೆ ನಂಬಿದ್ದೆ.

ಫೀ ಎಷ್ಟಿರಬೇಕು ಅನ್ನೋದಕ್ಕೂ ಮ್ಯಾನೇಜರ್ ಜಾಣತನಕ್ಕೂ ನೇರ ಸಂಬಂಧವಿಲ್ಲ. ಷೇರುಪೇಟೆ, ಫಂಡ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಒಂದು ಮಿತಿ ಹಾಕುತ್ತದೆ, ಅದರೊಳಗೆ ಫಂಡ್ ಕಂಪನಿ ತನ್ನ ದರ ಇಟ್ಟುಕೊಳ್ಳುತ್ತದೆ. 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ ಈಕ್ವಿಟಿ (ಷೇರುಗಳಲ್ಲಿ ಹಾಕುವ) ಫಂಡ್‌ನ ಮೊದಲ 500 ಕೋಟಿಗೆ 2.25%, ಮುಂದಿನ 250 ಕೋಟಿಗೆ 2%, ಅದರ ಮುಂದಿನ 1,250 ಕೋಟಿಗೆ 1.75%, ಹೀಗೆ ಇಳಿಯುತ್ತಾ ಹೋಗುತ್ತಿತ್ತು. 2,000 ಕೋಟಿಯ ಫಂಡ್‌ಗೆ ಲೆಕ್ಕ ಹಾಕಿದರೆ ಮಿತಿ ಸುಮಾರು 1.91%. ಅಂದರೆ ಫಂಡ್ ಚಿಕ್ಕದಾದಷ್ಟೂ ಜಾಸ್ತಿ ಫೀ ಹಾಕೋಕೆ ಜಾಗ ಇತ್ತು, ಅಷ್ಟೇ.

ಇನ್ನೊಂದು ವಿಷಯ. ನೀವು ಹೇಳಿದ ಎರಡೂ ಒಂದೇ ಫಂಡ್ ಇರಬಹುದು, ಹೆಸರಿನ ಕೊನೆ ನೋಡಿ. ಒಂದರಲ್ಲಿ ರೆಗ್ಯುಲರ್, ಇನ್ನೊಂದರಲ್ಲಿ ಡೈರೆಕ್ಟ್ ಅಂತಿದ್ದರೆ ಮ್ಯಾನೇಜರ್ ಅವರೇ, ಷೇರುಗಳೂ ಅವೇ. ವ್ಯತ್ಯಾಸ ಏಜೆಂಟರ ಕಮಿಷನ್: ರೆಗ್ಯುಲರ್‌ನ ಫೀಯಲ್ಲಿ ಅದು ಸೇರಿರುತ್ತದೆ, ಡೈರೆಕ್ಟ್ ಅಂದರೆ ಏಜೆಂಟ್ ಇಲ್ಲದೆ ನಾವೇ ನೇರ ಹಾಕೋದು. ಡೈರೆಕ್ಟ್ 2013ರ ಜನವರಿಯಿಂದಲೇ ಇದೆ, ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಜೆಂಟರಿಗೆ ಎಷ್ಟು ಹೋಯಿತು ಅನ್ನೋದು ಆರು ತಿಂಗಳಿಗೊಮ್ಮೆ ಬರುವ ಒಟ್ಟು ಸ್ಟೇಟ್‌ಮೆಂಟ್‌ನಲ್ಲಿ ರೂಪಾಯಿ ಲೆಕ್ಕದಲ್ಲೇ ಇರುತ್ತದೆ, ತೆಗೆದು ನೋಡಿ.

ಏಜೆಂಟರು ಮಾರ್ಕೆಟ್ ಬಿದ್ದಾಗ ಫೋನ್ ಮಾಡಿ, ಗಾಬರಿಯಲ್ಲಿ ಮಾರದ ಹಾಗೆ ನಿಮ್ಮನ್ನು ಹಿಡಿದು ನಿಲ್ಲಿಸುವವರಾದರೆ ಆ ದುಡ್ಡು ದಂಡವಲ್ಲ. ನಮ್ಮವರು ಫಾರಂ ಆದಮೇಲೆ ಈ ಕಡೆ ತಲೆ ಹಾಕಲಿಲ್ಲ. ನಿಮ್ಮವರೂ ಹಾಗೇ ಇದ್ದರೆ ಇನ್ಮುಂದಿನ ಎಸ್‌ಐಪಿಯನ್ನು (ತಿಂಗಳು ತಿಂಗಳು ಹಾಕುವ ಕಂತನ್ನು) ಡೈರೆಕ್ಟ್‌ನಲ್ಲೇ ಶುರು ಮಾಡಿ. ಹಳೇದನ್ನು ಮಾತ್ರ ಅವಸರದಲ್ಲಿ ಬದಲಾಯಿಸಬೇಡಿ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋದರೂ ಅದು ಮಾರಿದ ಲೆಕ್ಕವೇ, ಲಾಭದ ಮೇಲೆ ತೆರಿಗೆ ಬರಬಹುದು, ಎಕ್ಸಿಟ್ ಲೋಡ್ (ಬೇಗ ಹೊರಬಂದರೆ ಕಳೆಯುವ ಶುಲ್ಕ) ಇದ್ದರೆ ಅದೂ ಸೇರುತ್ತದೆ.