ಹವಳದ ಅಕ್ವೇರಿಯಂನಲ್ಲಿ ಪಾಚಿ ತುಂಬಿದ್ದರೂ ಫಾಸ್ಫೇಟ್ ಪರೀಕ್ಷೆ ಸೊನ್ನೆ ತೋರಿಸುವುದೇಕೆ? ಪಾಚಿಯನ್ನು ಹತೋಟಿಗೆ ತರುವುದು ಹೇಗೆ?

ಆ ಸೊನ್ನೆಯನ್ನು ನಂಬಬೇಡಿ. ನೀರಿಗೆ ಸೇರುವ ಫಾಸ್ಫೇಟನ್ನು ಪಾಚಿ ಬೇಗನೆ ಹೀರಿಕೊಳ್ಳುವುದರಿಂದ ಪರೀಕ್ಷೆಗೆ ಸಿಗುವಷ್ಟು ಉಳಿಯುವುದಿಲ್ಲ. ಹಳೆಯ ಬಂಡೆಗಳೂ ತಮ್ಮಲ್ಲಿ ಸೇರಿಕೊಂಡಿದ್ದ ಫಾಸ್ಫೇಟನ್ನು ನಿಧಾನವಾಗಿ ಬಿಡುತ್ತಿರುತ್ತವೆ.

ಮೊದಲು ಕೈಯಿಂದಲೇ ಕೀಳಿ. ತುಣುಕುಗಳು ಹರಡುವ ಮುನ್ನ ಕೊಳವೆಯಿಂದ ಹೀರಿ ಹೊರಹಾಕಿ. ಪಾಚಿ ಹೀರಿದ ಪೋಷಕಾಂಶವೂ ಅದರ ಜೊತೆಗೇ ಹೋಗುವುದರಿಂದ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಉದ್ದ ಬೆಳೆದ ಪಾಚಿಯನ್ನು ಬಸವನಹುಳುಗಳು ಅಷ್ಟಾಗಿ ಮುಟ್ಟುವುದಿಲ್ಲ. ಕಿತ್ತ ಮೇಲೆ ಉಳಿಯುವ ಗಿಡ್ಡ ಚಿಗುರನ್ನಾದರೆ ಟರ್ಬೊ, ಟ್ರೋಕಸ್ ಜಾತಿಯವು ಚೆನ್ನಾಗಿ ಮೇಯುತ್ತವೆ. ಆವಿಯಾದಷ್ಟು ನೀರನ್ನು ತುಂಬಲು ನಲ್ಲಿ ನೀರು ಬೇಡ. ಟಿಡಿಎಸ್ (ನೀರಿನಲ್ಲಿ ಕರಗಿದ ಪದಾರ್ಥಗಳ ಅಳತೆ) 0 ಇರುವ, ಪೊರೆ ಮತ್ತು ರಾಳದ ಮೂಲಕ ಶುದ್ಧೀಕರಿಸಿದ ಆರ್‌ಒ-ಡಿಐ ನೀರನ್ನೇ ಬಳಸಿ. ಮೀನಿನ ಆಹಾರವನ್ನೂ ಸ್ವಲ್ಪ ತಗ್ಗಿಸಿ.

ದಯವಿಟ್ಟು ಒಂದು ವಿಷಯದಲ್ಲಿ ಆತುರಪಡಬೇಡಿ. ಫಾಸ್ಫೇಟ್ ಹೀರುವ ಐರನ್ ಆಕ್ಸೈಡ್ ಕಣಗಳನ್ನು ವಿಪರೀತ ಬಳಸಿ ನೀರನ್ನು ನಿಜಕ್ಕೂ ಬರಿದು ಮಾಡಿದರೆ ಹವಳಗಳು ಬಿಳಿಚಿಕೊಳ್ಳುತ್ತವೆ. ಪಾಚಿ ಬಿಟ್ಟ ಜಾಗವನ್ನು ಲೋಳೆಯಂತೆ ಹರಡುವ ಸೂಕ್ಷ್ಮಜೀವಿಗಳಾದ ಡೈನೋಫ್ಲಾಜೆಲೇಟ್‌ಗಳು ಹಿಡಿಯಬಹುದು, ಅವುಗಳನ್ನು ತೊಲಗಿಸುವುದು ಇನ್ನೂ ಕಷ್ಟ. ಲೀಟರಿಗೆ ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ, ನೈಟ್ರೇಟ್ 5ರಿಂದ 10 ಮಿಲಿಗ್ರಾಂ ಉಳಿದಿದ್ದರೆ ಹೆಚ್ಚಿನ ಹವಳಗಳಿಗೆ ಹಿತ.