ಐದನೆಯ ಹಾಡಿಗೆ ಮುನ್ನ ನಾಲ್ಕು ಹಾಡುಗಳಿವೆ

ಪ್ರಿಯ ಬರಹಗಾರರೇ,

ವಿಲ್ಲಿ ನೆಲ್ಸನ್ ಅವರ 'ರೆಡ್ ಹೆಡೆಡ್ ಸ್ಟ್ರೇಂಜರ್' ಆಲ್ಬಮ್ ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ಸ್ವಚ್ಛವಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ವಿಷಯದ ಆಯ್ಕೆಯೂ ಒಳ್ಳೆಯದು. ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಹಾಗಿದ್ದೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ಇಂಥ ಸಂದರ್ಭದಲ್ಲಿ ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸುವುದು ನನ್ನ ರೂಢಿ. ಈ ಬಾರಿ ಆಗಲಿಲ್ಲ. ಮೊನ್ನೆ ರಾತ್ರಿ ನಿಮ್ಮ ಮೂರನೆಯ ಪುಟಕ್ಕೆ ಬಂದಾಗ ಸಿಟ್ಟು ಬಂತು. ಹಾಳೆಗಳನ್ನು ಪಕ್ಕಕ್ಕಿಟ್ಟು, ದೀಪ ಆರಿಸಿ, ಆ ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಕೇಳಿದೆ. ಅರ್ಧ ಗಂಟೆಗಿಂತ ಸ್ವಲ್ಪವೇ ಹೆಚ್ಚು ಹೊತ್ತಿನದು. ಮುಗಿಯುವಷ್ಟರಲ್ಲಿ ಸಿಟ್ಟು ಇಳಿದು, ನಿಮಗೆ ಬರೆಯಲೇಬೇಕು ಎನ್ನಿಸಿತು.

ನಿಮ್ಮ ಮೊದಲ ವಾಕ್ಯದಿಂದಲೇ ಆರಂಭಿಸುತ್ತೇನೆ: "1975ರಲ್ಲಿ ಬಿಡುಗಡೆಯಾದ ಈ ಆಲ್ಬಮ್ ಅಜ್ಞಾತ ಗಾಯಕನೊಬ್ಬನನ್ನು ಒಂದೇ ರಾತ್ರಿಯಲ್ಲಿ ತಾರೆಯನ್ನಾಗಿಸಿತು."

ಆ ವರ್ಷ ನೆಲ್ಸನ್ ಅವರಿಗೆ ನಲವತ್ತೆರಡು ವಯಸ್ಸು. ಟೆಕ್ಸಸ್‌ನ ಅಬಟ್ ಎಂಬ ಪುಟ್ಟ ಊರಿನಲ್ಲಿ ಅಜ್ಜ ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗ 1960ರ ಸುಮಾರಿಗೆ ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಬಂದರು. 1961ರಲ್ಲೇ ಅವರು ಬರೆದ 'ಕ್ರೇಜಿ' ಹಾಡನ್ನು ಪ್ಯಾಟ್ಸಿ ಕ್ಲೈನ್ ಹಾಡಿ ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದರು. ಅದೇ ವರ್ಷ 'ಹಲೋ ವಾಲ್ಸ್' ಫ್ಯಾರನ್ ಯಂಗ್ ಅವರ ದನಿಯಲ್ಲಿ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಹೀಗಿರುವಾಗ 'ಅಜ್ಞಾತ' ಎಂಬ ಪದ ಎಲ್ಲಿಂದ ಬಂತು? ಜನಕ್ಕೆ ಅವರ ಹಾಡುಗಳು ಗೊತ್ತಿದ್ದವು. ಗೊತ್ತಿಲ್ಲದಿದ್ದದ್ದು ಅವರ ದನಿ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ನೀವು ಅದನ್ನು ಒಂದೇ ಪದದಲ್ಲಿ ಮುಚ್ಚಿಹಾಕಿದಿರಿ.

ದೊಡ್ಡ ಕಂಪನಿಯೂ ಅವರಿಗೆ ಹೊಸದಲ್ಲ. ಅರವತ್ತರ ದಶಕದ ನಡುವಿನಿಂದ 1972ರವರೆಗೆ ಆರ್‌ಸಿಎ ಎಂಬ ಧ್ವನಿಮುದ್ರಿಕೆ ಕಂಪನಿಗೆ ಒಂದರ ಹಿಂದೊಂದು ಆಲ್ಬಮ್ ಹಾಡಿದರು. ಯಾವುದೂ ಅವರನ್ನು ದಡ ಸೇರಿಸಲಿಲ್ಲ. ಯಾಕೆ ಎಂದು ನೀವು ಕೇಳಿಕೊಳ್ಳಲೇ ಇಲ್ಲ. ನೆಲ್ಸನ್ ಹಾಡುವಾಗ ಪದ ತಾಳದ ಮೇಲೆ ಬೀಳುವುದಿಲ್ಲ. ಒಮ್ಮೆ ಪೆಟ್ಟು ಬಿದ್ದುಹೋದ ಮೇಲೆ ನಿಧಾನವಾಗಿ ಬರುತ್ತದೆ, ಇನ್ನೊಮ್ಮೆ ಪೆಟ್ಟಿಗೆ ಮುಂಚೆಯೇ ಮಾತಿನಂತೆ ಹೊರಬಿದ್ದಿರುತ್ತದೆ. ಅಂಥ ದನಿಯ ಸುತ್ತ ನ್ಯಾಶ್‌ವಿಲ್‌ನವರು ಪಿಟೀಲುಗಳ ಗುಂಪನ್ನೂ ಹಿಮ್ಮೇಳದ ಕೋರಸ್ಸನ್ನೂ ಕೂರಿಸಿದರು. ಬರೆದಿಟ್ಟ ಸ್ವರಗಳನ್ನು ನುಡಿಸುವ ಇಪ್ಪತ್ತು ಮಂದಿ ಒಂದು ಕಡೆ, ಸಾಲಿನ ನಡುವೆ ನಿಂತು ಯೋಚಿಸಿ ಮುಂದಿನ ಪದ ಹೇಳುವ ಒಬ್ಬ ಮನುಷ್ಯ ಇನ್ನೊಂದು ಕಡೆ. ದನಿ ಕಳೆದುಹೋಯಿತು.

ನ್ಯಾಶ್‌ವಿಲ್ ಬಿಟ್ಟು ಅವರು ಟೆಕ್ಸಸ್‌ನ ಆಸ್ಟಿನ್‌ಗೆ ಮರಳಿದರು. ಅಟ್ಲಾಂಟಿಕ್ ಕಂಪನಿಗೆ 1973 ಮತ್ತು 1974ರಲ್ಲಿ ಎರಡು ಆಲ್ಬಮ್ ಮಾಡಿದರು. ಆ ಕಂಪನಿ ತನ್ನ ಕಂಟ್ರಿ ವಿಭಾಗವನ್ನೇ ಮುಚ್ಚಿತು. ಆಮೇಲೆ ಬಂದದ್ದು ಕೊಲಂಬಿಯಾ. "ಕಂಪನಿ ನೀಡಿದ ಸುವರ್ಣಾವಕಾಶ" ಎಂದು ಬರೆದಿದ್ದೀರಿ. ಆಲ್ಬಮ್ ಹೇಗಿರಬೇಕು ಎಂಬುದರಲ್ಲಿ ಕೊನೆಯ ಮಾತು ತನ್ನದೇ ಎಂಬ ಷರತ್ತನ್ನು ನೆಲ್ಸನ್ ಕರಾರಿನಲ್ಲಿ ಸೇರಿಸಿದ್ದರು. 1975ರ ಜನವರಿಯಲ್ಲಿ ಡಲ್ಲಾಸ್ ಬಳಿಯ ಗಾರ್ಲೆಂಡ್ ಎಂಬ ಊರಿನ ಆಟಮ್ ಸೌಂಡ್ ಸ್ಟುಡಿಯೋದಲ್ಲಿ ತನ್ನ ಊರೂರು ಸುತ್ತುವ ತಂಡವನ್ನೇ ಕೂರಿಸಿ, ಕೆಲವೇ ದಿನಗಳಲ್ಲಿ ಧ್ವನಿಮುದ್ರಣ ಮುಗಿಸಿದರು. ಟೇಪು ಕೇಳಿದ ಕಂಪನಿಯ ಅಧಿಕಾರಿಗಳು ಇದು ಕಚ್ಚಾ ಮಾದರಿ, ಇದರ ಮೇಲೆ ಇನ್ನೂ ವಾದ್ಯ ಸೇರಿಸಬೇಕು ಎಂದುಕೊಂಡರು. ಕರಾರು ಅವರ ಕೈ ಕಟ್ಟಿತ್ತು. ಟೇಪು ಹೇಗಿತ್ತೋ ಹಾಗೆಯೇ ಹೊರಬಂತು. ಇಷ್ಟು ನಡೆದಿರುವಾಗ 'ನೀಡಿದ' ಎಂಬ ಕ್ರಿಯಾಪದ ಸಲ್ಲುವುದಿಲ್ಲ. ಅದು ಕಿತ್ತುಕೊಂಡ ಅವಕಾಶ.

"ಅಮೆರಿಕದ ಶಿಶುನಾಳ ಶರೀಫ" ಎಂಬ ಉಪಶೀರ್ಷಿಕೆಯನ್ನು ತೆಗೆದುಹಾಕಿ. ಅದರಿಂದ ಓದುಗನಿಗೆ ಶರೀಫರೂ ಸಿಗುವುದಿಲ್ಲ, ನೆಲ್ಸನ್ ಕೂಡ ಸಿಗುವುದಿಲ್ಲ.

ಈಗ ನನ್ನನ್ನು ಕೆರಳಿಸಿದ ಮೂರನೆಯ ಪುಟ. ಅಲ್ಲಿ ಹೀಗೆ ಬರೆದಿದ್ದೀರಿ: "ಮಳೆಯಲ್ಲಿ ಅಳುವ ನೀಲಿ ಕಣ್ಣುಗಳ ಈ ಸರಳ, ಸುಮಧುರ ವಿರಹಗೀತೆ ಅಗಲಿದ ಪ್ರೇಮಿಗಳೆಲ್ಲರ ಮನ ಮಿಡಿಯುತ್ತದೆ."

'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್' ಹಾಡನ್ನು ನೀವು ಎಲ್ಲಿ ಕೇಳಿದಿರಿ? ಬಹುಶಃ ಮೊಬೈಲಿನಲ್ಲಿ, ಅದೊಂದನ್ನೇ. ಬೇರೆಯಾಗಿ ಕೇಳಿದರೆ ನೀವು ಹೇಳಿದ್ದು ನಿಜ. ಫ್ರೆಡ್ ರೋಸ್ ಬರೆದ ಈ ಹಾಡನ್ನು 1945ರಲ್ಲಿ ರಾಯ್ ಏಕಫ್ ಹಾಡಿದ್ದರು. ಹ್ಯಾಂಕ್ ವಿಲಿಯಮ್ಸ್ ರೇಡಿಯೋದಲ್ಲಿ ಹಾಡಿದ್ದರು. ಅವರೆಲ್ಲರಲ್ಲಿ ಅದು ಅಗಲಿಕೆಯ ಹಾಡೇ. ಆದರೆ ನೀವು ಬರೆಯುತ್ತಿರುವುದು ಒಂದು ಆಲ್ಬಮ್ ಬಗ್ಗೆ. ಈ ಆಲ್ಬಮಿನಲ್ಲಿ ಅದು ಐದನೆಯ ಹಾಡು. ಮೊದಲ ನಾಲ್ಕನ್ನು ನೀವು ಕೇಳಿಲ್ಲ. ಕೇಳಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಕ್ರಮವಾಗಿ ಹೇಳುತ್ತೇನೆ. ಮೊದಲ ಹಾಡು 1901ರ ಕಾಲದ ಒಬ್ಬ ಪಾದ್ರಿಯ ಕಥೆಯನ್ನು ತೆರೆಯುತ್ತದೆ. ಹೆಂಡತಿ ಬಿಟ್ಟುಹೋಗಿದ್ದಾಳೆ. ಆತ ಮಗುವಿನಂತೆ ಅಳುತ್ತಾನೆ, ಕುದುರೆಗೆ ಜೀನು ಬಿಗಿದು ಹೊರಡುತ್ತಾನೆ. ಎರಡನೆಯದು ಗಾಯಕ ಎಡ್ಡಿ ಆರ್ನಲ್ಡ್ ಕಾಲದ ಹಳೆಯ ಜನಪ್ರಿಯ ಹಾಡು. ಮೂರನೆಯದರಲ್ಲಿ ಮತ್ತೆ ಪಾದ್ರಿಯ ರಾಗ. ನಾಲ್ಕನೆಯದರಲ್ಲಿ ಆತ ಬ್ಲೂ ರಾಕ್ ಎಂಬ ಊರಿಗೆ ದೂಳು ಮೆತ್ತಿಕೊಂಡು, ದಣಿದು ಬರುತ್ತಾನೆ. ಕೋಣೆ ಹಿಡಿದು ಮಲಗುತ್ತಾನೆ. ತನ್ನ ಅನುಮಾನ ಸುಳ್ಳಾಗಲಿ ಎಂದು ಇನ್ನೂ ಆಸೆಪಡುತ್ತಾನೆ. ಸಂಜೆ ಊರಿನ ಒಂದು ಮೂಲೆಯ ಸಣ್ಣ ಪಾನಗೃಹದಲ್ಲಿ ಅವಳೂ ಅವಳ ಹೊಸ ಸಂಗಾತಿಯೂ ಸಿಗುತ್ತಾರೆ. ಆತ ಬಾಗಿಲು ದಾಟಿ ಬಂದಾಗ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿರುತ್ತಾರೆ. ಆ ನಗು ಮುಖದ ಮೇಲೆ ಇರುವಾಗಲೇ ಸಾಯುತ್ತಾರೆ. ಗುಂಡಿನ ಸದ್ದು ಇಲ್ಲ, ದನಿ ಏರುವುದಿಲ್ಲ, ವಾದ್ಯ ಬೆಚ್ಚುವುದಿಲ್ಲ.

ಅದಾದ ಮೇಲೆ ಬರುವುದು ನಿಮ್ಮ 'ಸುಮಧುರ ವಿರಹಗೀತೆ'. ಹಾಡುತ್ತಿರುವವನು ಕೊಂದವನು. ಮಳೆಯಲ್ಲಿ ಅಳುವ ಆ ನೀಲಿ ಕಣ್ಣುಗಳು ಅವನೇ ಮುಚ್ಚಿಸಿದ ಕಣ್ಣುಗಳು.

ಇನ್ನೊಂದು ವಿಷಯವನ್ನು ಕಿವಿಯಿಂದ ಗಮನಿಸಿ. ಕಥೆಯನ್ನು ಮುನ್ನಡೆಸಲು ನೆಲ್ಸನ್ ತಾವೇ ಬರೆದ ತುಣುಕುಗಳಲ್ಲಿ ಪಾದ್ರಿ 'ಅವನು'. ಎರಡನೆಯ ಹಾಡು, ಐದನೆಯ ಹಾಡು, ಎಲ್‌ಪಿ ತಟ್ಟೆಯ ಎರಡನೆಯ ಬದಿಯಲ್ಲಿ ಹ್ಯಾಂಕ್ ಕಾಕ್ರನ್ ಅವರ ಹಾಡು, ಹೀಗೆ ಬೇರೆಯವರಿಂದ ಎರವಲು ತಂದ ಪ್ರೇಮಗೀತೆಗಳಲ್ಲಿ ಅವನು 'ನಾನು' ಎನ್ನುತ್ತಾನೆ. ರೇಡಿಯೋದಲ್ಲಿ ಎಲ್ಲರೂ ಕೇಳಿ ಗುನುಗಿಕೊಂಡಿದ್ದ ಹಳೆಯ ಹಾಡುಗಳನ್ನು ಒಬ್ಬ ಕೊಲೆಗಾರನ ಬಾಯಿಗೆ ಕೊಟ್ಟದ್ದು ಈ ಆಲ್ಬಮ್‌ನ ಕಸುಬು. ನಿಮ್ಮ ಲೇಖನದಲ್ಲಿ 'ಸರಳ' ಎಂಬ ಪದ ಒಂಬತ್ತು ಬಾರಿ ಬಂದಿದೆ, ಎಣಿಸಿದ್ದೇನೆ. ಒಂಬತ್ತನ್ನೂ ಹೊಡೆದುಹಾಕಿದ್ದೇನೆ. ವಾದ್ಯ ಕಡಿಮೆ ಎಂದರೆ ಸರಳ ಎಂದಲ್ಲ. ಗಿಟಾರ್, ಬಾಸ್, ಮೌತ್ ಆರ್ಗನ್, ಅಕ್ಕ ಬಾಬಿ ನುಡಿಸಿದ ಪಿಯಾನೋ, ಮೆಲ್ಲಗೆ ಡ್ರಮ್. ಅಷ್ಟು ಜಾಗ ಖಾಲಿ ಬಿಟ್ಟಿದ್ದರಿಂದಲೇ ಆರ್‌ಸಿಎ ದಿನಗಳಲ್ಲಿ ಕಳೆದುಹೋಗಿದ್ದ ದನಿಗೆ ನಿಲ್ಲಲು, ತಡೆಯಲು, ತಡವಾಗಿ ಬರಲು ಎಡೆ ಸಿಕ್ಕಿತು.

ಎರಡನೆಯ ಬದಿಯ ವಾದ್ಯಸಂಗೀತದ ತುಣುಕುಗಳನ್ನು "ಜಾಗ ತುಂಬಲು ಸೇರಿಸಿದವು" ಎಂದಿದ್ದೀರಿ. ಇಲ್ಲಿ ನನ್ನ ಪೆನ್ನು ಕಾಗದ ಹರಿಯಿತು. ಆ ಬದಿ 'ಡೆನ್ವರ್' ಎಂಬ ಸಣ್ಣ ಹಾಡಿನಿಂದ ಶುರುವಾಗುತ್ತದೆ. ಅದೇ ರಾಗ, ಅಂಥದ್ದೇ ಪಾನಗೃಹ, ಬಾಗಿಲು ದಾಟಿ ಬರುವ ಅದೇ ಮನುಷ್ಯ, ಅದೇ ನಗು. ನಾಲ್ಕನೆಯ ಹಾಡಿನಲ್ಲಿ ನಗುವಿನೊಂದಿಗೆ ಸತ್ತರು ಎಂದಿದ್ದ ಕಡೆ ಇಲ್ಲಿ ನಗುವಿನೊಂದಿಗೆ ಕುಣಿದರು ಎಂದಾಗುತ್ತದೆ. ಒಂದೇ ಕ್ರಿಯಾಪದ ಬದಲಾಗಿದೆ. ಅದರ ಬೆನ್ನಿಗೇ ಮೆಕ್ಸಿಕೋದ ಹುವೆಂಟಿನೊ ರೋಸಾಸ್ ಅವರ ವಾಲ್ಟ್ಸ್ ಎಂಬ ಜೋಡಿಕುಣಿತದ ಸಂಗೀತ, ಆಮೇಲೆ ಬಾಬಿಯ ಪಿಯಾನೋ ಮುಂದಾಗುವ 'ಡೌನ್ ಯಾಂಡರ್'. ಅವು ಜಾಗ ತುಂಬುವ ತುಣುಕುಗಳಲ್ಲ. ಅವನೂ ಅಲ್ಲಿ ಸಿಕ್ಕ ಹೊಸ ಹೆಂಗಸೂ ಕುಣಿಯುತ್ತಿದ್ದಾರೆ, ನಾವು ಕೇಳುತ್ತಿರುವುದು ಆ ಕುಣಿತ. ಕೊಂದವನೊಬ್ಬನಿಗೆ ಮತ್ತೆ ಹೆಣ್ಣಿನ ಕೈ ಹಿಡಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೆಲ್ಸನ್ ಹಾಡದೆ ಸುಮ್ಮನಿರುತ್ತಾರೆ.

ನಾನು ಇಷ್ಟು ಬಿಸಿಯಾಗಲು ಕಾರಣವಿದೆ. ಇಪ್ಪತ್ತಮೂರರ ಪ್ರಾಯದಲ್ಲಿ ಕರಾವಳಿಯ ಒಂದು ಪತ್ರಿಕೆಯಲ್ಲಿ ನಾನು ತರಬೇತಿಯಲ್ಲಿದ್ದೆ. ಒಂದು ಶನಿವಾರ ಹತ್ತಿರದ ಹಳ್ಳಿಯ ಯಕ್ಷಗಾನ ಬಯಲಾಟದ ವರದಿಗೆ ಕಳಿಸಿದರು. ಹನ್ನೊಂದು ಗಂಟೆಯ ಕೊನೆಯ ಬಸ್ಸು ತಪ್ಪಿದರೆ ಬೆಳಿಗ್ಗೆಯವರೆಗೆ ಗದ್ದೆಯಲ್ಲೇ ಕೂರಬೇಕು. ಬಸ್ಸು ಹತ್ತಿ ಬಂದೆ. ಮರುದಿನ "ಭಾಗವತರ ಸುಮಧುರ ಕಂಠ ಬೆಳಗಿನವರೆಗೂ ಪ್ರೇಕ್ಷಕರನ್ನು ಹಿಡಿದಿಟ್ಟಿತು" ಎಂದು ಬರೆದುಕೊಟ್ಟೆ. ಹಿರಿಯ ಉಪಸಂಪಾದಕರು ಓದಿ, ಹಾಳೆಯಿಂದ ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು: "ನಡುರಾತ್ರಿಯ ಮೇಲೆ ಜಾಗಟೆ ಹಿಡಿದವರು ಯಾರು?" ಆಟದ ಮೊದಲ ಭಾಗವನ್ನು ಕಿರಿಯ ಭಾಗವತರು ಹಾಡುತ್ತಾರೆ, ಮುಖ್ಯ ಭಾಗವತರು ಕೂರುವುದು ರಾತ್ರಿ ಬಲಿತ ಮೇಲೆ. ನಾನು ಕೇಳಿದ್ದು ಒಬ್ಬರನ್ನು, ಹೊಗಳಿದ್ದು ಇನ್ನೊಬ್ಬರನ್ನು. ಅವರು ಬೈಯಲಿಲ್ಲ. ಕೆಂಪು ಶಾಯಿಯಲ್ಲಿ 'ಸುಮಧುರ'ಕ್ಕೆ ಒಂದು ಗೆರೆ ಎಳೆದು ಹಾಳೆಯನ್ನು ನನ್ನ ಕಡೆ ತಳ್ಳಿದರು. ಆ ಗೆರೆ ಇವತ್ತಿಗೂ ನನ್ನ ಕಣ್ಣಿನಲ್ಲಿದೆ.

ಮುಂದಿನ ವಾರ ಯಾರೂ ಹೇಳದೆ ಹೋದೆ. ಅದೇ ಮೇಳ, ಬೇರೆ ಊರು. ಗದ್ದೆಯ ಮಂಜಿನಲ್ಲಿ ಚೀಲ ಹಾಸಿಕೊಂಡು ಕೂತೆ. ನಡುರಾತ್ರಿ ದಾಟಿದ ಮೇಲೆ ಮುಖ್ಯ ಭಾಗವತರು ಬಂದು ಕುಳಿತರು. ಮುಂಡಾಸನ್ನು ಸರಿಪಡಿಸಿಕೊಂಡರು, ಲೋಟದಿಂದ ಒಂದು ಗುಟುಕು ನೀರು ಕುಡಿದರು, ಶ್ರುತಿಗೆ ಕಿವಿ ಕೊಟ್ಟು ಸುಮ್ಮನಿದ್ದರು. ಮದ್ದಳೆಯವರು ಕಾಯುತ್ತಿದ್ದರು. ಬೆಳಗಿನ ಜಾವದ ಹೊತ್ತಿಗೆ ಅವರ ದನಿ ಒಡೆದಿತ್ತು. ಒಂದು ಕರುಣ ಪ್ರಸಂಗದಲ್ಲಿ ಆ ಒಡಕನ್ನು ಮರೆಮಾಚದೆ ಅದರ ಮೇಲೇ ಭಾರ ಹಾಕಿ ಏರಿದರು. ನನ್ನ ಪಕ್ಕದಲ್ಲಿ ತೂಕಡಿಸುತ್ತಿದ್ದ ಮುದುಕಿ ಕಣ್ಣು ಬಿಟ್ಟು ನೆಟ್ಟಗೆ ಕೂತಳು. ಅದನ್ನು 'ಸುಮಧುರ' ಎನ್ನಲು ನನ್ನಿಂದ ಮತ್ತೆ ಆಗಲಿಲ್ಲ. ಅಂದು ಬರೆದದ್ದು ಆರೇ ಸಾಲು, ಅಷ್ಟೂ ಅಚ್ಚಾಯಿತು.

ನಿಮ್ಮ ಲೇಖನಕ್ಕೆ ಮರಳುತ್ತೇನೆ. ಆರನೆಯ ಹಾಡನ್ನು, ಆಲ್ಬಮಿಗೆ ಹೆಸರು ಕೊಟ್ಟ ಹಾಡನ್ನು, ನೀವು ಮುಟ್ಟಿಯೇ ಇಲ್ಲ. ಐವತ್ತರ ದಶಕದಲ್ಲಿ ಫೋರ್ಟ್ ವರ್ತ್‌ನಲ್ಲಿ ರೇಡಿಯೋ ನಿರೂಪಕರಾಗಿದ್ದಾಗ ನೆಲ್ಸನ್ ಅದನ್ನು ಮಕ್ಕಳಿಗಾಗಿ ಪ್ರಸಾರ ಮಾಡುತ್ತಿದ್ದರು. ಮನೆಯಲ್ಲಿ ತಮ್ಮ ಮಕ್ಕಳನ್ನು ಮಲಗಿಸಲು ಅದನ್ನೇ ಹಾಡುತ್ತಿದ್ದರು. ಕೊಲರಾಡೋದಿಂದ ಕಾರಿನಲ್ಲಿ ಹಿಂದಿರುಗುವಾಗ ಆ ಹಳೆಯ ಹಾಡನ್ನು ನೆನಪಿಸಿದವರು ಹೆಂಡತಿ ಕಾನಿ, ಆಲ್ಬಮ್ ಹುಟ್ಟಿದ್ದು ಆ ದಾರಿಯಲ್ಲಿ. ಅದರಲ್ಲಿ ಕಪ್ಪು ಕುದುರೆಯೇರಿ ಬರುವ ಅಪರಿಚಿತ ಹಿಂದೆ ಇನ್ನೊಂದು ಕಂದು ಕುದುರೆಯನ್ನು ನಡೆಸಿಕೊಂಡು ಬರುತ್ತಾನೆ. ಅದು ಸತ್ತ ಹೆಂಡತಿ ಏರುತ್ತಿದ್ದ ಕುದುರೆ. ಹಳದಿ ಕೂದಲಿನ ಹೆಂಗಸೊಬ್ಬಳು ಅದಕ್ಕೆ ಕೈ ಚಾಚುತ್ತಾಳೆ. ಅವಳನ್ನು ಕೊಲ್ಲುತ್ತಾನೆ. ಕುದುರೆ ಕದಿಯಲು ಬಂದವಳನ್ನು ಕೊಂದವನಿಗೆ ಗಲ್ಲು ಹಾಕುವಂತಿಲ್ಲ ಎಂದು ಹಾಡು ಅವನನ್ನು ಬಿಟ್ಟುಬಿಡುತ್ತದೆ.

ಈ ಆಲ್ಬಮ್ ನನಗೆ ತುಂಬ ಬೇಕಾದದ್ದು. ಆದರೂ ಆ ಸಾಲಿನ ಬಳಿ ಪ್ರತಿ ಸಲವೂ ನನಗೆ ಮುಜುಗರವಾಗುತ್ತದೆ. ಮೂರು ಕೊಲೆ ಮಾಡಿದವನಿಗೆ ಕೊನೆಗೆ ಶಾಂತಿ ಸಿಗುತ್ತದೆ, ಸತ್ತ ಹೆಂಗಸರಿಬ್ಬರಿಗೂ ಆಲ್ಬಮಿನಲ್ಲಿ ಹೆಸರಿಲ್ಲ. ನಿಮಗೆ ಏನನ್ನಿಸಿತು? ನಿಮ್ಮ ಲೇಖನದಲ್ಲಿ ಕೊಲೆ ಎಂಬ ಪದವೇ ಇಲ್ಲ. ನನ್ನ ಅಭಿಪ್ರಾಯವನ್ನು ಒಪ್ಪಬೇಕಿಲ್ಲ, ಆದರೆ ಅಲ್ಲಿ ನಿಂತು ಏನಾದರೂ ಹೇಳಲೇಬೇಕು.

ಪ್ರಶಸ್ತಿ, ಸ್ಥಾನಗಳ ಮಾತಿಗೆ ನೀವು ಎರಡು ಪುಟ ಕೊಟ್ಟಿದ್ದೀರಿ. ಐದನೆಯ ಹಾಡು ಅಕ್ಟೋಬರ್ 1975ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಗಾಯಕರಾಗಿ ನೆಲ್ಸನ್ ಅವರಿಗೆ ಅದೇ ಮೊದಲನೆಯದು, ಮರುವರ್ಷ ಗ್ರ್ಯಾಮಿ ಬಂತು. ಒಂದು ವಾಕ್ಯ ಸಾಕು.

ಮೊಬೈಲ್ ಪಕ್ಕಕ್ಕಿಟ್ಟು ಆಲ್ಬಮನ್ನು ಕ್ರಮವಾಗಿ ಮೂರು ಸಲ ಕೇಳಿ. ಮೂರನೆಯ ಸಲ ಮಾತ್ರ ಕೈಯಲ್ಲಿ ಪೆನ್ನು ಇರಲಿ. ಐದನೆಯ ಹಾಡಿನ ನಡುವೆ ದನಿ ನಿಂತು ನೈಲಾನ್ ತಂತಿಯ ಗಿಟಾರ್ ಒಂದೇ ಮಾತಾಡುವ ಜಾಗವಿದೆ. ಅಷ್ಟರ ಬಗ್ಗೆ ಒಂದು ಪ್ಯಾರಾ ಬರೆದು ಮೊದಲು ಅದನ್ನು ಕಳಿಸಿ. ಆ ಗಿಟಾರ್ ಮಾರ್ಟಿನ್ ಕಂಪನಿಯದು, ಅದಕ್ಕೆ ಟ್ರಿಗರ್ ಎಂದು ಹೆಸರು. ನ್ಯಾಶ್‌ವಿಲ್ ಬಳಿಯ ತಮ್ಮ ಮನೆಗೆ ಬೆಂಕಿ ಬಿದ್ದಾಗ ನೆಲ್ಸನ್ ಉರಿಯುವ ಮನೆಯೊಳಗೆ ನುಗ್ಗಿ ಅದನ್ನು ಹೊರತಂದಿದ್ದರು. ಇದು ನಿಮ್ಮ ಲೇಖನದ ಐದನೆಯ ಪುಟದಲ್ಲಿ ಇದೆ, ಚೆನ್ನಾಗಿಯೂ ಇದೆ. ಅದನ್ನು ಉಳಿಸಿಕೊಳ್ಳಿ.

ನಿಮ್ಮ ಪ್ಯಾರಾ ಬರುವವರೆಗೆ ಮೂಲ ಹಾಳೆಗಳನ್ನು ನನ್ನ ಮೇಜಿನ ಮೇಲೆಯೇ ಇಟ್ಟುಕೊಂಡಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ