ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದಿಸುವ ಕಾಯಿಲೆ) ಇರುವವರ ಚಡಪಡಿಕೆ, ಕೂಗಾಟ ಸುಗಂಧ ತೈಲದಿಂದ ಕಡಿಮೆಯಾಗುತ್ತದೆಯೇ?

ಸ್ವಲ್ಪ ಕಡಿಮೆಯಾಗಬಹುದು, ಆದರೆ ಔಷಧಿಯಂತೆ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ತೀವ್ರ ಡಿಮೆನ್ಷಿಯಾ ಇದ್ದ 72 ಮಂದಿಯ ಮುಖ ಮತ್ತು ತೋಳುಗಳಿಗೆ ದಿನಕ್ಕೆ ಎರಡು ಬಾರಿ ಲೇಪನ ಹಚ್ಚಿದರು. ಅರ್ಧ ಜನರಿಗೆ ಮೆಲಿಸ್ಸಾ (ಪುದೀನ ಜಾತಿಯ, ನಿಂಬೆ ಘಮದ ಗಿಡ) ತೈಲ ಬೆರೆಸಿದ್ದು, ಉಳಿದವರಿಗೆ ಸೂರ್ಯಕಾಂತಿ ಎಣ್ಣೆಯದು. ನಾಲ್ಕು ವಾರಗಳಲ್ಲಿ ಮೆಲಿಸ್ಸಾ ಗುಂಪಿನ ಚಡಪಡಿಕೆ ಹೆಚ್ಚು ತಗ್ಗಿತು. ಆದರೆ 2011ರಲ್ಲಿ ಪ್ರಕಟವಾದ, ಇನ್ನೂ ಬಿಗಿಯಾದ ಪರೀಕ್ಷೆಯಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಸಾದಾ ಎಣ್ಣೆ ಹಚ್ಚಿಸಿಕೊಂಡವರೂ ಅಷ್ಟೇ ಶಾಂತರಾಗಿದ್ದರು!

ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಅಲ್ಝೈಮರ್ಸ್‌ನಲ್ಲಿ ಘ್ರಾಣಶಕ್ತಿ ಬಹಳ ಬೇಗ ಕುಂದುತ್ತದೆ. ಎಷ್ಟೋ ಜನರಿಗೆ ಘಮವೇ ತಿಳಿಯುವುದಿಲ್ಲ. ಹಾಗಾಗಿ ನನ್ನ ಅಂದಾಜಿನಲ್ಲಿ, ಹೆಚ್ಚಿನ ಕೆಲಸ ಮಾಡುವುದು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೈ ನೀವುವ ಸ್ಪರ್ಶ. ಅದಕ್ಕೆ ಮನೆಯ ಕೊಬ್ಬರಿ ಎಣ್ಣೆಯೂ ಸಾಕು.

ಸುಗಂಧ ತೈಲವನ್ನೇ ಬಳಸುವುದಾದರೆ ನೇರವಾಗಿ ಹಚ್ಚಬೇಡಿ, ಕೆಲವೇ ಹನಿಗಳನ್ನು ಸಾದಾ ಎಣ್ಣೆಯಲ್ಲಿ ಬೆರೆಸಿ. ಶೀಶೆ ಅವರ ಕೈಗೆ ಸಿಗದಿರಲಿ, ಕುಡಿದುಬಿಡುವ ಅಪಾಯವಿದೆ. ಕೂಗಾಟ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ತೈಲದ ಮಾತು ಆಮೇಲೆ: ಮೂತ್ರದ ಸೋಂಕು, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು ಇದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ.